ನಲವತ್ತು ಗೀಟಿನ ಬಾಗಿಲು

ನಮ್ಮೂರಿನಲ್ಲಿ ಯಾರೂ ತಮ್ಮ ಅಂಗಡಿಯ ಬಾಗಿಲನ್ನು ತಾವೇ ತೆಗೆಯುವಂತಿಲ್ಲ. ಬೇರೆಯವರು ಬಂದು ತೆಗೆಯಬೇಕು. ಬೀಗ ಹೊರಗಡೆ ಇರುತ್ತದೆ, ಅಂಗಡಿಯವರು ಒಳಗಡೆ ಇರುತ್ತಾರೆ. ನಸುಕಿನಲ್ಲೇ ಎದ್ದು, ಮುಖ ತೊಳೆದು, ಸರಕನ್ನು ಒಪ್ಪವಾಗಿ ಜೋಡಿಸಿ, ಮುಚ್ಚಿದ ಬಾಗಿಲಿನ ಹಿಂದೆ ಮಣೆ ಹಾಕಿಕೊಂಡು ಕೂತು ಅವರು ಹೆಜ್ಜೆ ಸಪ್ಪಳಕ್ಕೆ ಕಿವಿಗೊಡುತ್ತಾರೆ. ಹೆಜ್ಜೆ ಬಂದು ಬಾಗಿಲ ಮುಂದೆ ನಿಲ್ಲುತ್ತದೆ. ಒಳಗಿನವರು "ಬಂದ್ರಾ?" ಎಂದು ಕೇಳುತ್ತಾರೆ. ಹೊರಗಿನವರು "ಬಂದೆ" ಎನ್ನುತ್ತಾರೆ. ಬೀಗ ತಿರುಗುತ್ತದೆ. ಬಿಸಿಲು ಹೊಸ್ತಿಲು ಮುಟ್ಟುವ ಮೊದಲು ಇಷ್ಟು ನಡೆದರೆ ಆ ದಿನದ ವ್ಯಾಪಾರ ಉಂಟು, ನಡೆಯದಿದ್ದರೆ ಇಲ್ಲ. ಸಂಜೆಯಾದರೆ ಬೀಗ ತಾನಾಗಿ ಬೀಳುತ್ತದೆ.

ಈ ನಿಯಮ ಯಾರು ಮಾಡಿದರು, ಯಾಕೆ ಮಾಡಿದರು ಎಂದು ನನ್ನನ್ನು ಕೇಳಬೇಡಿ. ಗೊತ್ತಿದೆ ಎನ್ನುವವರು ಊರಲ್ಲಿ ನಾಲ್ಕು ಜನ ಇದ್ದಾರೆ. ನಾಲ್ವರೂ ನಾಲ್ಕು ಕಥೆ ಹೇಳುತ್ತಾರೆ.

ಅಂಗಡಿಗಳಿಗೆ ಹಿತ್ತಿಲ ಬಾಗಿಲೂ ಇದೆ. ಅದರಿಂದ ಯಾವಾಗ ಬೇಕಾದರೂ ಹೊರಗೆ ಬರಬಹುದು, ನೀರು ತರಬಹುದು, ಇನ್ನೊಬ್ಬರ ಬಾಗಿಲು ತೆಗೆಯಲು ಹೋಗಬಹುದು. ಆದರೆ ಹಿತ್ತಿಲ ಬಾಗಿಲಿನಲ್ಲಿ ಒಂದು ಸೂಜಿಯನ್ನೂ ಮಾರುವಂತಿಲ್ಲ. ಮುಂಬಾಗಿಲು ನಲವತ್ತು ದಿನ ತೆರೆಯದೇ ಹೋದರೆ, ನಲವತ್ತೊಂದನೆಯ ದಿನ ಬಿಸಿಲು ಹೊಸ್ತಿಲು ಮುಟ್ಟುತ್ತಲೇ ಆ ಬಾಗಿಲಿಗೆ ಗಾರೆ ಮೆತ್ತಿ ಗೋಡೆ ಮಾಡಿಬಿಡುತ್ತಾರೆ. ಒಳಗಿದ್ದವರು ಹಿತ್ತಿಲಿಂದ ಇಳಿದು ಊರು ಬಿಟ್ಟು ಹೋಗುತ್ತಾರೆ.

ಮೆತ್ತುವವನು ನಾನು. ಊರಿಗೆಲ್ಲ ಗಾರೆಯವನು.

ನನ್ನ ಕೆಲಸ ಎರಡೇ. ದಿನಾ ಬೆಳಕು ಹರಿಯುವ ಹೊತ್ತಿಗೆ ಬೀದಿ ಸುತ್ತಿ, ಹಿಂದಿನ ದಿನ ತೆರೆಯದ ಬಾಗಿಲುಗಳ ಮೇಲೆ ಸೀಮೆಸುಣ್ಣದಲ್ಲಿ ಒಂದೊಂದು ಗೀಟು ಎಳೆಯುವುದು. ಗೀಟು ನಲವತ್ತಾದಾಗ ಗಾರೆ ಕಲಸುವುದು. ಯಾರಾದರೂ ಬಂದು ಬಾಗಿಲು ತೆಗೆದರೆ ತೆಗೆದವರು ಅಂಗೈಯಿಂದ ಗೀಟುಗಳನ್ನು ಅಳಿಸುತ್ತಾರೆ. ಲೆಕ್ಕ ಮತ್ತೆ ಸೊನ್ನೆಗೆ ಬರುತ್ತದೆ. ಈ ಕೆಲಸ ಕಲಿಸುವಾಗ ಅಪ್ಪ ಒಂದೇ ಒಂದು ಮಾತು ಹೇಳಿದ್ದ: ಗೀಟು ಬಿದ್ದ ಬಾಗಿಲಿನವರ ಜೊತೆ ಗಾರೆಯವನು ಮಾತಾಡಬಾರದು. ಒಳಗಿನವರು ಎಷ್ಟೇ ಕೇಳಲಿ, ಉತ್ತರ ಕೊಡಬಾರದು. ಕೊಟ್ಟರೆ ಅವರಿಗೆ ಆಸೆ ಹುಟ್ಟುತ್ತದೆ.

ನಾನು ಮೂವತ್ತು ವರ್ಷ ಆ ಮಾತು ಮೀರಲಿಲ್ಲ. ಹನ್ನೊಂದು ವರ್ಷದ ಹಿಂದೆ ಬಣ್ಣ ಹಾಕುವವನೊಬ್ಬನ ಬಾಗಿಲಿಗೆ ಗಾರೆ ಮೆತ್ತಿದೆ. ಅವನು ನಲವತ್ತು ದಿನವೂ ನನ್ನ ಹೆಜ್ಜೆ ಕೇಳಿ "ಬಂದ್ರಾ?" ಎಂದಿದ್ದ. ನಲವತ್ತೊಂದನೆಯ ದಿನ ಕೇಳಲಿಲ್ಲ. ಕರಣೆ ಹಿಡಿದು ಅವನು ಕೇಳಲಿ ಎಂದು ನಾನೇ ಕಾದೆ. ಅವನು ಆಗಲೇ ಹೋಗಿಬಿಟ್ಟಿದ್ದ.

ಇರಲಿ. ನಾನು ಹೇಳಬೇಕಾದ್ದು ಜರಡಿಯವಳ ಕಥೆ.

ಜರಡಿಯವಳು ಬಂದಿದ್ದು ಹೊರಗಿನಿಂದ. ಬೆನ್ನ ಮೇಲೆ ತಂತಿಯ ಬಲೆಗಳ ಸುರುಳಿ, ಕಂಕುಳಲ್ಲಿ ಜರಡಿಯ ಅಂಚಿಗೆ ಬೇಕಾದ ಬಿದಿರಿನ ಬಳೆಗಳು. ಬಣ್ಣದವನ ಗೋಡೆಯ ಪಕ್ಕದಲ್ಲಿ ಖಾಲಿ ಇದ್ದ ಅಂಗಡಿಯನ್ನು ಹಿಡಿದಳು. ಹಿಟ್ಟಿನ ಜರಡಿ, ರವೆಯ ಜರಡಿ, ಮರಳಿನ ಜರಡಿ, ಎಲ್ಲ ಕಟ್ಟುತ್ತಿದ್ದಳು. ಕೆಲಸ ಚೆನ್ನಾಗಿತ್ತು. ಕೆಲಸ ಚೆನ್ನಾಗಿದ್ದರೆ ಸಾಕು ಎಂದು ನಂಬಿ ನಮ್ಮೂರಿಗೆ ಬಂದವರನ್ನು ನಾನು ಬಹಳ ನೋಡಿದ್ದೇನೆ, ಪಾಪ.

ಹೊಸಬರು ಮೊದಲು ಬೀಗದವನ ಹತ್ತಿರ ಹೋಗಬೇಕು. ಬೀಗದವನು ಬೀಗ ಮಾಡಿ, ಅದಕ್ಕೆ ಬೇಕಾದಷ್ಟು ಬೀಗದಕೈ ಎರಕ ಹೊಯ್ದು, ಆಮೇಲೆ ಅಚ್ಚು ಒಡೆದುಹಾಕುತ್ತಾನೆ. ಮತ್ತೆ ಮಾಡಿಕೊಡುವುದಿಲ್ಲ.

"ಎಷ್ಟು ಬೇಕಮ್ಮಾ?" ಎಂದು ಅವನು ಕೇಳಿದ.

"ಸಾಮಾನ್ಯವಾಗಿ ಎಷ್ಟು ಮಾಡಿಸ್ತಾರೆ?"

"ಎರಡು ಮಾಡಿಸೋರೂ ಇದ್ದಾರೆ, ಇನ್ನೂರು ಮಾಡಿಸೋರೂ ಇದ್ದಾರೆ. ನೀನು ಹೊಸಬಳು. ಜಾಸ್ತಿ ಇದ್ರೆ ಒಳ್ಳೇದಲ್ವಾ? ಹತ್ತು ಜನ ಕೈ ಕೊಟ್ರೂ ತೊಂಬತ್ತು ಜನ ಇರ್ತಾರೆ."

ಮಾತು ಸರಿಯಾಗಿಯೇ ಕೇಳಿಸಿತು. ಅವಳು ನೂರು ಬೀಗದಕೈ ಮಾಡಿಸಿದಳು.

ಊರ ನಡುವೆ ಪರಿಚಯದ ಕಟ್ಟೆ ಇದೆ. ಪ್ರತಿ ಗುರುವಾರ ಸಂಜೆ ಎಲ್ಲ ಕಸುಬಿನವರೂ ಅಲ್ಲಿ ಸೇರುತ್ತಾರೆ. ಪಾನಕ ಕುಡಿಯುತ್ತಾರೆ, ಹಲ್ಲು ಕಾಣುವಂತೆ ನಗುತ್ತಾರೆ, ಒಬ್ಬರ ಕಸುಬನ್ನು ಇನ್ನೊಬ್ಬರು ವಿಚಾರಿಸುತ್ತಾರೆ. ಉತ್ತರ ಮುಗಿಯುವ ಮೊದಲೇ ಕಣ್ಣು ಮುಂದಿನವರ ಕಡೆ ಹೋಗಿರುತ್ತದೆ. ವೀಳ್ಯದೆಲೆಯ ಮೇಲೆ ತಮ್ಮ ಬೀಗದಕೈ ಇಟ್ಟು ಕೊಡುತ್ತಾರೆ. ತೆಗೆದುಕೊಂಡವರು ಕಣ್ಣಿಗೊತ್ತಿಕೊಂಡು ಸೊಂಟದ ಗೊಂಚಲಿಗೆ ಸೇರಿಸುತ್ತಾರೆ. ಊರಿನಲ್ಲಿ ದೊಡ್ಡವರು ಎಂದರೆ ಗೊಂಚಲು ದೊಡ್ಡದಿರುವವರು. ನಮ್ಮ ಗಿರಣಿಯವನ ಗೊಂಚಲು ಎಷ್ಟು ಭಾರ ಎಂದರೆ ಅವನು ಒಂದು ಕಡೆ ವಾಲಿಕೊಂಡೇ ನಡೆಯುತ್ತಾನೆ. ಯಾವ ಬೀಗದಕೈ ಯಾರ ಬಾಗಿಲಿನದು ಎಂದು ಕೇಳಿ ನೋಡಿ, ಮಾತು ಬದಲಾಯಿಸುತ್ತಾನೆ.

ನಾನು ಆ ಕಟ್ಟೆಗೆ ಹೋಗುವುದಿಲ್ಲ. ದೂರದಲ್ಲಿ ನಿಂತು ನೋಡುತ್ತೇನೆ. ಗಾರೆಯವನ ಕೈಗೆ ಬೀಗದಕೈ ಕೊಟ್ಟವರು ಯಾರೂ ಇಲ್ಲ. ನನ್ನ ನೆರಳು ಸೋಕಿದರೆ ಮಗುವಿನ ಕೆನ್ನೆ ಒರೆಸುವ ಹೆಂಗಸರಿದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಒಮ್ಮೊಮ್ಮೆ ಇದೆ.

ಆ ಗುರುವಾರ ಜರಡಿಯವಳು ನೂರು ಬೀಗದಕೈಯನ್ನೂ ಹಂಚಿದಳು. ಒಂದೇ ಸಂಜೆಯಲ್ಲಿ! ಕಟ್ಟೆಯ ಈ ತುದಿಯಿಂದ ಆ ತುದಿಯವರೆಗೆ ಒಬ್ಬರನ್ನೂ ಬಿಡದೆ, "ನಾನು ಜರಡಿಯವಳು, ಬಣ್ಣದವನ ಗೋಡೆ ಪಕ್ಕ" ಎಂದು ನೂರು ಸಲ ಹೇಳಿದಳು. ನೂರು ಜನ "ಆಗ್ಲಿ ತಾಯಿ, ಬರ್ತೀವಿ" ಎಂದರು. ಕೊನೆಯ ವೀಳ್ಯದೆಲೆಯೂ ಮುಗಿದಾಗ ಅವಳ ಮುಖ ಅರಳಿತ್ತು. ನೂರು ಜನ ಪರಿಚಯದವರು ಸಿಕ್ಕರು ಎಂದುಕೊಂಡು ಅವಳು ಮನೆಗೆ ಹೋದಳು.

ಮರುದಿನ ಬೆಳಿಗ್ಗೆ ಯಾರೂ ಬರಲಿಲ್ಲ.

ಅವರು ಕೆಟ್ಟವರಲ್ಲ. ನೂರರಲ್ಲಿ ಒಬ್ಬೊಬ್ಬರೂ ಹಾಸಿಗೆಯಲ್ಲಿ ಮಗ್ಗುಲು ಬದಲಾಯಿಸುತ್ತ, ಉಳಿದ ತೊಂಬತ್ತೊಂಬತ್ತು ಜನರಲ್ಲಿ ಯಾರಾದರೂ ಹೋಗಿರುತ್ತಾರೆ ಎಂದುಕೊಂಡರು. ಎರಡು ಬೀಗದಕೈ ಮಾಡಿಸಿ ಇಬ್ಬರಿಗೆ ಕೊಟ್ಟಿದ್ದರೆ ಆ ಇಬ್ಬರಿಗೂ ನಿದ್ದೆ ಹತ್ತುತ್ತಿರಲಿಲ್ಲ. ನೂರು ಜನ ಆರಾಮಾಗಿ ಮಲಗಿದರು.

ಅದರ ಮರುದಿನ ನಾನು ಹೋಗಿ ಮೊದಲನೆಯ ಗೀಟು ಎಳೆದೆ. ಸೀಮೆಸುಣ್ಣ ಬಾಗಿಲಿಗೆ ತಾಗಿದ ಸದ್ದಿಗೆ ಒಳಗಿನಿಂದ ದನಿ ಬಂತು.

"ಬಂದ್ರಾ?"

ಹೊಸಬರ ದನಿಯಲ್ಲಿ ಒಂದು ಸಡಗರ ಇರುತ್ತದೆ. ನಾನು ಉತ್ತರ ಕೊಡದೆ ಮುಂದೆ ಹೋದೆ.

ಹೀಗೇ ದಿನಗಳು ಕಳೆದವು. ದಿನಾ ನನ್ನ ಹೆಜ್ಜೆ ಅವಳ ಬಾಗಿಲ ಮುಂದೆ ನಿಲ್ಲುತ್ತಿತ್ತು. ದಿನಾ ಅವಳು "ಬಂದ್ರಾ?" ಎನ್ನುತ್ತಿದ್ದಳು. ದಿನಾ ನಾನು ಗೀಟು ಎಳೆದು ಹೋಗುತ್ತಿದ್ದೆ. ಎರಡನೆಯ ಗುರುವಾರ ಅವಳು ಕಟ್ಟೆಗೆ ಬಂದು ಹಿಂಜರಿಯುತ್ತಲೇ ಕೇಳಿದಳು. ಎಲ್ಲರೂ ಕೆನ್ನೆಗೆ ಕೈ ಹಚ್ಚಿದರು. "ಅಯ್ಯೋ, ಇನ್ನೂ ತೆಗ್ದಿಲ್ವಾ? ಯಾರಾದ್ರೂ ಹೋಗಿರ್ತಾರೆ ಅಂದ್ಕೊಂಡ್ವಲ್ಲ!" ಮನಸಾರೆ ಮರುಗಿದರು. ಹಾಗೆ ಎಲ್ಲರೂ ಮರುಗಿದ್ದನ್ನು ಎಲ್ಲರೂ ನೋಡಿದ್ದರಿಂದ, ಮರುದಿನ ಖಂಡಿತ ಯಾರಾದರೂ ಹೋಗೇ ಹೋಗುತ್ತಾರೆ ಎಂದು ಎಲ್ಲರಿಗೂ ನಂಬಿಕೆ ಬಂತು. ಆ ದಿನದ ಲೆಕ್ಕಕ್ಕೆ ನಾನು ಎಂಟನೆಯ ಗೀಟು ಎಳೆದೆ.

ಹದಿನಾರನೆಯ ದಿನ ಅವಳು ಒಂದು ಕೆಲಸ ಮಾಡಿದಳು. ಮಣೆಯ ಮೇಲೆ ಕೂರುವ ಬದಲು ಹಿತ್ತಿಲಿಂದ ಇಳಿದು, ಸುತ್ತಿ ಬಂದು, ಬಣ್ಣದವನ ಗೋಡೆಯ ಮರೆಯಲ್ಲಿ ನಿಂತಳು. ದಿನಾ ಬಂದು ನಿಂತು ಹೋಗುವವರು ಯಾರು ಎಂದು ನೋಡಬೇಕಿತ್ತು ಅವಳಿಗೆ. ನೋಡಿದಳು. ಒಬ್ಬ ಬಡಕಲು ಮುದುಕ, ಬಿಳಿ ಧೂಳು ಮೆತ್ತಿದ ಹುಬ್ಬು, ಕೈಯಲ್ಲಿ ಸೀಮೆಸುಣ್ಣ, ಎರಡು ಹೆಜ್ಜೆಗೊಂದು ಕೆಮ್ಮು. ಅವಳನ್ನು ಕಂಡು ಆ ದಿನದ ಗೀಟನ್ನು ಸೊಟ್ಟಗೆ ಎಳೆದೆ. ಅವಳು ಅಳುತ್ತಾಳೆ, ಇಲ್ಲ ಬೈಯುತ್ತಾಳೆ ಎಂದುಕೊಂಡೆ. ಎರಡೂ ಮಾಡಲಿಲ್ಲ. ಹತ್ತು ಹೆಜ್ಜೆ ಹಿಂದೆ ನನ್ನನ್ನು ಹಿಂಬಾಲಿಸಿ ಬಂದಳು.

ಆ ಬೀದಿಯ ಕೊನೆಯಲ್ಲಿ ಚೂರ್ಣದಜ್ಜಿಯ ಬಾಗಿಲು. ಬೇರು ನಾರು ಕುಟ್ಟಿ ಕೆಮ್ಮಿಗೆ, ಹೊಟ್ಟೆನೋವಿಗೆ, ಮಂಡಿನೋವಿಗೆ ಚೂರ್ಣ ಮಾಡುವ ಅಜ್ಜಿ. ಅವಳ ಬಾಗಿಲನ್ನು ಐವತ್ತು ವರ್ಷ ಕೊಡೆ ರಿಪೇರಿಯವನೊಬ್ಬನೇ ತೆಗೆಯುತ್ತಿದ್ದ. ಅದರ ಹಿಂದಿನ ತಿಂಗಳು ಅವನು ತೀರಿಕೊಂಡಿದ್ದ. ಅಜ್ಜಿ ತನ್ನ ಜನ್ಮದಲ್ಲಿ ಕೊಟ್ಟಿದ್ದು ಆ ಒಂದೇ ಬೀಗದಕೈ. ನಾನು ಆ ಬಾಗಿಲಿಗೆ ಮೂವತ್ತೊಂದನೆಯ ಗೀಟು ಎಳೆಯುವುದನ್ನು ಜರಡಿಯವಳು ನೋಡುತ್ತ ನಿಂತಳು.

ಮುಂದೆ ನಡೆದದ್ದನ್ನು ಅಜ್ಜಿಯೇ ಆಮೇಲೆ ನನಗೆ ಹೇಳಿದಳು. ಜರಡಿಯವಳು ನೇರವಾಗಿ ಅಜ್ಜಿಯ ಹಿತ್ತಿಲಿಗೆ ಹೋಗಿ, "ಅಜ್ಜೀ, ನಿಮ್ಮ ಬೀಗದಕೈ ಕೊಡಿ, ನಾನು ದಿನಾ ಬಂದು ಬಾಗಿಲು ತೆಗೀತೀನಿ" ಎಂದಳಂತೆ.

"ನೀನ್ಯಾರೇ?" ಎಂದಳಂತೆ ಅಜ್ಜಿ.

"ಜರಡಿಯವಳು. ಬಣ್ಣದವನ ಗೋಡೆ ಪಕ್ಕ."

"ಅದು ನಿನ್ನ ಅಂಗಡಿ ಗುರುತಾಯ್ತು. ನೀನ್ಯಾರು ಅಂತ ಕೇಳ್ದೆ. ಗುರುತಿಲ್ದೋರ ಕೈಗೆ ನಾನು ಬೀಗದಕೈ ಕೊಡಲ್ಲ. ಗೋಡೆ ಆದ್ರೂ ಪರವಾಗಿಲ್ಲ. ಕೂತ್ಕೋ, ಗಂಜಿ ಕುಡೀತೀಯಾ?"

ಜರಡಿಯವಳು ಕೂತಳು. ಅಜ್ಜಿಯ ಕಾಲು ಎರಡೂ ಬಿದ್ದುಹೋಗಿದ್ದವು. ತೆವಳಿಕೊಂಡೇ ಒಲೆ ಹಚ್ಚಿ, ತೆವಳಿಕೊಂಡೇ ಬೇರು ಕುಟ್ಟುತ್ತಿದ್ದಳು. ಮಾರಲು ಆಗದಿದ್ದರೂ ಕುಟ್ಟುವುದನ್ನು ಬಿಟ್ಟಿರಲಿಲ್ಲ. ಗಂಜಿ ಕುಡಿಯುತ್ತ ಜರಡಿಯವಳು ಅಜ್ಜಿಯ ಜರಡಿಯನ್ನು ನೋಡಿದಳು. ಬಟ್ಟೆ ಹರಿದು ಹೊಲಿದು, ಹರಿದು ಹೊಲಿದು, ಚೂರ್ಣದಲ್ಲಿ ನಾರು ಹಾಗೇ ಉಳಿಯುತ್ತಿತ್ತು. ಮರುದಿನ ತೆಳ್ಳನೆಯ ರೇಷ್ಮೆ ಬಟ್ಟೆ ತಂದು ಹೊಸ ಬಳೆಗೆ ಬಿಗಿದಳು. ಬಳೆ ದೊಡ್ಡದಾಯಿತು, ಕೂತಲ್ಲೇ ಆಡಿಸಲು ಅಜ್ಜಿಯ ತೋಳಿಗೆ ಬಲ ಸಾಲದು ಎಂದು ಕಂಡು, ಬಿಚ್ಚಿ ಚಿಕ್ಕದು ಮಾಡಿದಳು. ಮೂರನೆಯ ದಿನ ಅಜ್ಜಿ ಚೂರ್ಣವನ್ನು ಬೆರಳಲ್ಲಿ ತೀಡಿ ನೋಡಿದಳು. ಕೊಡೆಯವನ ಮನೆಯಿಂದ ವಾಪಸು ಬಂದಿದ್ದ ಬೀಗದಕೈಯನ್ನು ಸೆರಗಿನ ಗಂಟಿನಿಂದ ಬಿಚ್ಚಿ ಅವಳ ಅಂಗೈಯಲ್ಲಿಟ್ಟಳು.

"ನನ್ನ ಕಾಲು ನೋಡ್ತಿದ್ದೀಯಲ್ಲ, ನಿನ್ನ ಬಾಗಿಲಿಗೆ ನಾನು ಬರೋಕಾಗಲ್ಲ ಮಗಳೇ."

"ಗೊತ್ತು ಅಜ್ಜೀ. ಅದಕ್ಕೆ ಅಂತ ಕೇಳಿದ್ದಲ್ಲ."

ಅಜ್ಜಿಯ ಬಾಗಿಲಿನ ಮೂವತ್ತನಾಲ್ಕು ಗೀಟುಗಳು ಮಾರನೆಯ ದಿನ ಅಳಿಸಿಹೋದವು. ಜರಡಿಯವಳ ಬಾಗಿಲಿನವು ಬೆಳೆಯುತ್ತ ಹೋದವು.

ಹೀಗಾಗಿ ಅವಳ ಬೆಳಗಿನ ಹೊತ್ತು ಎರಡಾಯಿತು. ಬೆಳಕು ಹರಿಯುವಾಗ ತನ್ನ ಬಾಗಿಲ ಹಿಂದೆ ಕೂತು ನನ್ನ ಹೆಜ್ಜೆ ಕೇಳುವುದು, ಆಮೇಲೆ ಹಿತ್ತಿಲಿಂದ ಓಡಿ ಅಜ್ಜಿಯ ಬಾಗಿಲು ತೆಗೆಯುವುದು. ಅಜ್ಜಿಯ ಹೊಸ್ತಿಲಿಗೆ ಬಿಸಿಲು ಬರುವುದು ಸ್ವಲ್ಪ ತಡ. ಬರುವವನು ಗಾರೆಯವನು ಎಂದು ತಿಳಿದ ಮೇಲೆ ಅವಳು ಕೇಳುವುದನ್ನು ಬಿಡುತ್ತಾಳೆ ಎಂದು ನಾನು ಎಣಿಸಿದ್ದೆ. ಬಿಡಲಿಲ್ಲ. ನಾನೇ ಎಂದು ಗೊತ್ತಿದ್ದೂ "ಬಂದ್ರಾ?" ಎಂದು ಕೇಳಿದಳು. ನಾನು ಕೆಮ್ಮುತ್ತ ಸೀಮೆಸುಣ್ಣ ತೆಗೆದೆ.

"ಇವತ್ತು ಕೆಮ್ಮು ಜಾಸ್ತಿ ಇದೆ," ಎಂದಳು ಬಾಗಿಲ ಆಚೆಯಿಂದ. "ಬೆಳಗಿನ ಥಂಡಿಗೆ ತಲೆಗೊಂದು ಬಟ್ಟೆ ಸುತ್ಕೊಬಾರ್ದಾ ಅಣ್ಣಾ?"

ನನ್ನನ್ನು ಅಣ್ಣ ಎಂದವರು ಅದುವರೆಗೆ ಯಾರೂ ಇರಲಿಲ್ಲ. ಇಪ್ಪತ್ತೆರಡನೆಯ ಗೀಟನ್ನು ಎಷ್ಟು ಚಿಕ್ಕದಾಗಿ ಎಳೆಯಬಹುದೋ ಅಷ್ಟು ಚಿಕ್ಕದಾಗಿ ಎಳೆದೆ. ಚಿಕ್ಕದಾದರೂ ಗೀಟು ಗೀಟೇ.

ಮೂವತ್ತೆಂಟನೆಯ ದಿನ ಗಿರಣಿಯವನು ಮಂಡಿನೋವಿಗೆಂದು ಅಜ್ಜಿಯ ಅಂಗಡಿಗೆ ಬಂದ. ಚೂರ್ಣ ನಾಲಿಗೆಗೆ ಹಾಕಿಕೊಂಡವನು ಕಣ್ಣರಳಿಸಿದ.

"ಏನಜ್ಜೀ ಇದು, ಗಂಟಲಲ್ಲಿ ನಾರು ಸಿಕ್ಕಲೇ ಇಲ್ಲ! ಜರಡಿ ಯಾರದ್ದು? ನನ್ನ ಗಿರಣಿ ಹಿಟ್ಟಲ್ಲಿ ತೌಡು ಅಂತ ಹೆಂಗಸರು ದಿನಾ ಬೈತಾರೆ."

"ಬಣ್ಣದವನ ಗೋಡೆ ಪಕ್ಕದವಳದ್ದು. ಆದ್ರೆ ನೀನು ತಗೊಳ್ಳೋಕಾಗಲ್ಲ. ಅವಳ ಬಾಗಿಲೇ ತೆಗೆದಿಲ್ಲ, ಇನ್ನು ಮೂರು ದಿನಕ್ಕೆ ಗೋಡೆ ಆಗುತ್ತೆ. ಅವಳು ಹೋದ್ರೆ ನನ್ನ ಬಾಗಿಲೂ ಹೋದಂಗೇ. ನಿನ್ನ ಹತ್ರ ಅವಳ ಬೀಗದಕೈ ಇಲ್ವಾ? ಊರಿಗೆಲ್ಲ ಹಂಚಿದ್ದಳಂತಲ್ಲ."

ಗಿರಣಿಯವನು ತನ್ನ ಗೊಂಚಲು ನೋಡಿಕೊಂಡ. ಮುಖ ಸಣ್ಣದಾಯಿತು.

ಮರುದಿನ ನಾನು ಗೀಟು ಎಳೆದು ತಿರುಗುವಷ್ಟರಲ್ಲಿ ಅವನು ಏದುಸಿರು ಬಿಡುತ್ತ ಬಂದ. ಹೇಳಬೇಕಾದ ಮಾತು ಹೇಳುತ್ತೇನೆ, ಅವನು ನಿಜವಾಗಿ ಬಂದ. ಬಾಗಿಲ ಮುಂದೆ ಕೂತು ಗೊಂಚಲಿನ ಬೀಗದಕೈಗಳನ್ನು ಒಂದೊಂದಾಗಿ ಹಾಕಿ ತಿರುಗಿಸಿದ. ಒಂದೂ ಹೊಂದಲಿಲ್ಲ. ಒಳಗಿನಿಂದ ಅವಳು "ಆಯ್ತಾ?" ಎನ್ನುವುದು, ಹೊರಗಿನಿಂದ ಅವನು "ತಡಿ ತಾಯಿ, ಇದಿರ್ಬೇಕು" ಎನ್ನುವುದು. ಮುನ್ನೂರು ಬೀಗದಕೈಯಲ್ಲಿ ಎಪ್ಪತ್ತು ಮುಗಿಯುವಷ್ಟರಲ್ಲಿ ಬಿಸಿಲು ಹೊಸ್ತಿಲು ಮುಟ್ಟಿತು. ನಲವತ್ತನೆಯ ದಿನವೂ ಬಂದ. ಹಿಂದಿನ ದಿನ ಯಾವುದು ಹಾಕಿದ್ದೆ, ಯಾವುದು ಬಿಟ್ಟಿದ್ದೆ ಎಂದು ಮರೆತು ಮತ್ತೆ ಮೊದಲಿನಿಂದ ಶುರು ಮಾಡಿದ. ಬಿಸಿಲು ಬಂದಾಗ ಅವನು ತಲೆ ಮೇಲೆ ಕೈ ಹೊತ್ತು ಕೂತಿದ್ದ. ಜರಡಿಯವಳು ಹಿತ್ತಿಲಿಂದ ಸುತ್ತಿ ಬಂದಳು. ಅವನು ಸೊಂಟದಿಂದ ಗೊಂಚಲನ್ನೇ ಬಿಚ್ಚಿ ಅವಳ ಕೈಗೆ ಹಾಕಿದ.

"ಇದ್ರಲ್ಲಿ ಎಲ್ಲೋ ಇದೆ ನಿನ್ನದು. ನೀನೇ ಹುಡುಕು. ನಂಗೆ ನಾಚಿಕೆ ಆಗ್ತಿದೆ."

ಅವಳು ಗೊಂಚಲನ್ನು ಒಳಗೆ ತೆಗೆದುಕೊಂಡು ಹೋಗಿ, ಬಳೆಯಿಂದ ಬಿಡಿಸಿ, ಅಷ್ಟನ್ನೂ ದಪ್ಪ ಕಣ್ಣಿನ ಮರಳು ಜರಡಿಗೆ ಸುರಿದು ಆಡಿಸಿದಳು. ದೊಡ್ಡ ಬಾಗಿಲುಗಳ ದೊಡ್ಡ ಬೀಗದಕೈಗಳೆಲ್ಲ ಮೇಲೆ ಉಳಿದವು. ಚಿಕ್ಕವು ಮೂರು ಕೆಳಗೆ ಬಿದ್ದವು. ಮೂರರಲ್ಲಿ ತನ್ನದು ಯಾವುದು ಎಂದು ಅವಳಿಗೆ ನೋಡಿದ ಕೂಡಲೇ ಗೊತ್ತಾಯಿತು.

ಆ ಸಂಜೆ ಅವಳು ನನ್ನ ಮನೆಗೆ ಬಂದಳು.

ನನ್ನ ಮನೆ ಊರ ಹೊರಗೆ, ಸುಣ್ಣದ ಗುಂಡಿಯ ಪಕ್ಕ. ಅದಕ್ಕೆ ಬೀಗವಿಲ್ಲ. ಯಾರೂ ಬರದ ಮನೆಗೆ ಬೀಗ ಯಾಕೆ? ನಾನು ಮರುದಿನಕ್ಕೆ ಸುಣ್ಣ ಅರಳಿಸುತ್ತಿದ್ದೆ. ಅವಳನ್ನು ಕಂಡು ಎದ್ದು ನಿಂತೆ. ಅವಳೇ ನೆಲದ ಮೇಲೆ ಕೂತಳು.

"ನೀವು ಮಾತಾಡಲ್ಲ ಅಂತ ಗೊತ್ತಣ್ಣ. ಮಾತಾಡ್ಬೇಡಿ. ನಾನೇ ಹೇಳಿ ಹೋಗ್ತೀನಿ," ಎಂದಳು. ಸೆರಗಿನ ಕೆಳಗಿನಿಂದ ಒಂದು ಹೊಸ ಜರಡಿ ತೆಗೆದಳು. "ಇದು ಸುಣ್ಣಕ್ಕೆ. ಬಣ್ಣದವನ ಗೋಡೆ ದಿನಾ ನೋಡ್ತೀನಲ್ಲ, ಗಾರೆಯಲ್ಲಿ ಹರಳು ಹರಳು ಉಳಿದಿದೆ. ನಿಮ್ಮ ಜರಡಿ ಹರಿದಿರ್ಬೇಕು. ಆ ಧೂಳು ಎದೆಗೆ ಹೋಗೇ ಈ ಕೆಮ್ಮು. ಇದಕ್ಕೆ ಮೇಲೊಂದು ಮುಚ್ಚಳ ಕಟ್ಟಿದ್ದೀನಿ, ಆಡಿಸುವಾಗ ಧೂಳು ಏಳಲ್ಲ. ನಾಳೆ ನನ್ನ ಬಾಗಿಲಿಗೆ ಮೆತ್ತೋದೇ ಆದ್ರೆ ನುಣ್ಣಗೆ ಮೆತ್ತಿ."

ಆಮೇಲೆ ಒಂದು ಪೊಟ್ಟಣ ಇಟ್ಟಳು. "ಅಜ್ಜಿ ಕೊಟ್ಟಿದ್ದು. ಜೇನುತುಪ್ಪದಲ್ಲಿ ತಗೋಬೇಕಂತೆ."

ಆಮೇಲೆ ವೀಳ್ಯದೆಲೆ. ಅದರ ಮೇಲೆ ಆ ಚಿಕ್ಕ ಬೀಗದಕೈ.

"ಗಿರಣಿಯವರಿಗೇ ವಾಪಸ್ ಕೊಡ್ಬಹುದಿತ್ತು. ಒಳ್ಳೆಯವರು, ಬಂದೇ ಬರ್ತೀನಿ ಅಂತ ಆಣೆ ಇಟ್ಟಿದ್ದಾರೆ. ಆದ್ರೆ ಅವರಿಗೆ ಇನ್ನೂ ಮುನ್ನೂರು ಬಾಗಿಲು ಇದೆ. ನೂರು ಜನಕ್ಕೆ ಕೊಟ್ಟೆನಲ್ಲಣ್ಣ, ನನ್ನ ಬಾಗಿಲಿಗೆ ದಿನಾ ಬಂದವರು ನೀವೊಬ್ರೇ. ಮಳೆ ಬಂದ ದಿನವೂ ಬಂದ್ರಿ. ನಿಮಗೇ ಕೊಟ್ಟಿರಲಿಲ್ಲ." ಎಲೆಯನ್ನು ನನ್ನ ಕಡೆ ಸರಿಸಿದಳು. "ಗಾರೆಯವರು ಬಾಗಿಲು ತೆಗೀಬಾರ್ದು ಅಂತ ನಿಯಮ ಇದೆಯಾ ಅಂತ ಅಜ್ಜೀನ ಕೇಳ್ದೆ. ನಿಯಮ ಏನಿಲ್ಲ, ಯಾರೂ ಕೊಟ್ಟಿಲ್ಲ ಅಷ್ಟೇ ಅಂದ್ರು."

ಎದ್ದು ಹೋದಳು. ಒಂದು ಸಲವೂ ತಿರುಗಿ ನೋಡಲಿಲ್ಲ. ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ.

ಕತ್ತಲಾಗುವವರೆಗೆ ಆ ಜರಡಿಯಲ್ಲಿ ಸುಣ್ಣ ಆಡಿಸಿದೆ. ಬಿದ್ದ ಸುಣ್ಣ ಹಿಟ್ಟಿನ ಹಾಗೆ ನುಣ್ಣಗಿತ್ತು. ಕೆಮ್ಮು ಬರಲಿಲ್ಲ. ಅಪ್ಪನ ಮಾತು ನೆನಪಾಯಿತು. ಉತ್ತರ ಕೊಟ್ಟರೆ ಆಸೆ ಹುಟ್ಟುತ್ತದೆ ಎಂದಿದ್ದ. ಯಾರಿಗೆ ಹುಟ್ಟುತ್ತದೆ ಎಂದು ಅವನು ಸರಿಯಾಗಿ ಹೇಳಿರಲಿಲ್ಲ. ಮುಚ್ಚುವುದೊಂದನ್ನೇ ಕಲಿತ ಕೈ ನನ್ನದು. ತೆಗೆಯಲು ಹೋಗಿ ಬೀಗದಕೈ ಮುರಿದರೆ? ಊರವರು ನಾಳೆಯಿಂದ ಸೀಮೆಸುಣ್ಣ ಕಿತ್ತುಕೊಂಡರೆ? ಈ ವಯಸ್ಸಿನಲ್ಲಿ ನನಗೆ ಬೇರೇನು ಗೊತ್ತು? ನನಗೆ ಭಯವಾಯಿತು. ಅದನ್ನು ಮುಚ್ಚಿಡುವುದಿಲ್ಲ.

ನಲವತ್ತೊಂದನೆಯ ಬೆಳಿಗ್ಗೆ ಬೀದಿ ತುಂಬ ಜನ. ಗೋಡೆಯಾಗುವುದನ್ನು ನೋಡಲು ನಮ್ಮೂರಿನವರು ತಪ್ಪದೆ ಬರುತ್ತಾರೆ. ನೂರು ಬೀಗದಕೈ ತೆಗೆದುಕೊಂಡವರಲ್ಲಿ ಮುಕ್ಕಾಲು ಪಾಲು ಅಲ್ಲೇ ಇದ್ದರು. "ಛೇ ಛೇ, ಕೊನೆಗೂ ಯಾರೂ ಬರ್ಲಿಲ್ವಾ?" ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಅವರ ಸೊಂಟದಲ್ಲಿ ಗೊಂಚಲುಗಳು ಸದ್ದು ಮಾಡುತ್ತಿದ್ದವು. ಗೊಂಚಲಿಲ್ಲದ ಗಿರಣಿಯವನು ಮೊದಲ ಸಲ ನೆಟ್ಟಗೆ ನಿಂತು, ಬಾಗಿಲನ್ನೇ ನೋಡುತ್ತಿದ್ದ.

ನಾನು ಗಾರೆಯ ಬಾಂಡ್ಲಿ ಹೊತ್ತು ಬಂದೆ. ಜನ ದಾರಿ ಬಿಟ್ಟರು. ಎಂದಿನ ಹಾಗೆ, ನಾನು ತಾಗದಷ್ಟು ದೂರಕ್ಕೆ ಸರಿದರು. ಬಾಂಡ್ಲಿ ಕೆಳಗಿಟ್ಟು ಕೊನೆಯ ಗೀಟು ಎಳೆದೆ. ಬಿಸಿಲು ಎದುರುಮನೆಯ ಗೋಡೆ ಇಳಿದು ಬೀದಿಗೆ ಬಂದಿತ್ತು. ಹೊಸ್ತಿಲಿಗೆ ಇನ್ನು ಎರಡು ಗೇಣು. ಬಾಗಿಲ ಮೇಲೆ ನಾನೇ ಎಳೆದ ನಲವತ್ತು ಗೀಟುಗಳು, ಸೊಟ್ಟಗಿನದೊಂದು, ಚಿಕ್ಕದೊಂದು.

ಒಳಗಿನಿಂದ ಸದ್ದಿಲ್ಲ. ಬಣ್ಣದವನ ಬಾಗಿಲಿನಲ್ಲೂ ಹೀಗೇ ಸದ್ದಿರಲಿಲ್ಲ. ಹೋಗಿಬಿಟ್ಟಳೇ? ನನ್ನ ಮೌನವನ್ನು ಉತ್ತರ ಎಂದುಕೊಂಡು ಗಂಟುಮೂಟೆ ಕಟ್ಟಿಬಿಟ್ಟಳೇ? ಬಾಗಿಲಿಗೆ ಕಿವಿ ಹಚ್ಚಿದೆ.

"ಬಂದ್ರಾ?"

ದನಿ ಸಣ್ಣದಾಗಿತ್ತು, ಸಡಗರ ಇರಲಿಲ್ಲ. ಆದರೂ ಕೇಳಿದ್ದಳು.

ಮೂವತ್ತು ವರ್ಷ ಬಾಗಿಲುಗಳ ಮುಂದೆ ಬಾಯಿ ಬಿಡದ ಗಂಟಲು ನನ್ನದು. ಮೊದಲ ಸಲಕ್ಕೆ ಗಾಳಿ ಮಾತ್ರ ಬಂತು. ಎರಡನೆಯ ಸಲಕ್ಕೆ ಮಾತು ಬಂತು.

"ಬಂದೆ," ಎಂದೆ. "ಬಂದೆ ಕಣವ್ವಾ."

ಯಾರೋ "ಅಯ್ಯೋ, ಗಾರೆಯವನು!" ಎಂದರು. ನಾನು ಸೊಂಟದಿಂದ ಬೀಗದಕೈ ತೆಗೆದೆ. ಅದೊಂದೇ ಇದ್ದದ್ದರಿಂದ ಹುಡುಕಬೇಕಾಗಲಿಲ್ಲ. ಬೀಗ ತಿರುಗಿತು. ಅಂಗೈ ಚಾಚಿ ನಲವತ್ತು ಗೀಟುಗಳನ್ನೂ ಒರೆಸಿದೆ. ಕೈ ಪೂರ್ತಿ ಬೆಳ್ಳಗಾಯಿತು. ಬಾಗಿಲು ತಳ್ಳಿದೆ, ಬಿಸಿಲು ಆಗ ಹೊಸ್ತಿಲಿಗೆ ಬಂತು.

ಒಳಗೆ ನಲವತ್ತು ದಿನ ಕಟ್ಟಿದ ಜರಡಿಗಳು ಸೂರಿನಿಂದ ತೂಗುತ್ತಿದ್ದವು. ಬೆಳಕು ಅವುಗಳ ಕಣ್ಣುಗಳಿಂದ ಹಾದು ಅವಳ ಮುಖದ ಮೇಲೆಲ್ಲ ಬಿದ್ದಿತ್ತು. ಅವಳು ಮಣೆಯಿಂದ ಎದ್ದಳು. ಅಳುತ್ತಿದ್ದಳು, ನಗುತ್ತಲೂ ಇದ್ದಳು.

"ಕೆಮ್ಮು ಹೇಗಿದೆ ಅಣ್ಣಾ?"

"ಕಡಿಮೆ ಇದೆ," ಎಂದೆ.

"ಅಂಗಡಿ ನೋಡ್ಕೊಳ್ಳಿ. ಅಜ್ಜಿ ಕಾಯ್ತಿರ್ತಾರೆ, ಬಾಗಿಲು ತೆಗೆದು ಬಂದ್ಬಿಡ್ತೀನಿ." ಸೆರಗು ಸಿಕ್ಕಿಸಿಕೊಂಡು ಓಡಿದಳು. ಮುಂಬಾಗಿಲಿನಿಂದಲೇ ಓಡಿದಳು.

ನಾನು ಜೀವನದಲ್ಲಿ ಮೊದಲ ಸಲ ಒಂದು ತೆರೆದ ಅಂಗಡಿಯ ಮುಂದೆ ನಿಂತೆ. ಜನ ತಮ್ಮ ತಮ್ಮ ಗೊಂಚಲು ನೋಡಿಕೊಳ್ಳುತ್ತ ಕರಗಿದರು. ಗಿರಣಿಯವನೊಬ್ಬ ಹಿಟ್ಟಿನ ಜರಡಿಗಾಗಿ ಉಳಿದ. ಅವನು ಜರಡಿಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಾಗ, ನಾನು ಪಕ್ಕದ ಬಣ್ಣದವನ ಗೋಡೆಯ ಹತ್ತಿರ ಹೋದೆ. ಅವಳು ಹೇಳಿದ ಹಾಗೆಯೇ ಇತ್ತು, ಹರಳು ಹರಳು. ಸುಣ್ಣ ಮೆತ್ತಿದ ಅಂಗೈಯನ್ನು ಅದರ ಮೇಲಿಟ್ಟೆ. ಆ ಕಡೆ ಯಾರೂ ಇಲ್ಲ ಎಂದು ನನಗೆ ಗೊತ್ತು.

"ಬಂದೆ," ಎಂದೆ ಮೆಲ್ಲಗೆ.

ಗಿರಣಿಯವನು ಕತ್ತು ಹೊರಗೆ ಹಾಕಿದ. "ಯಾರ ಹತ್ರ ಮಾತಾಡ್ತಿದ್ದೀಯಪ್ಪಾ ಗೋಡೆ ಕಡೆ ತಿರುಗಿ?"

"ಪರಿಚಯದವರು," ಎಂದೆ.